ಅಪ್ಪನ ಎಫ್‌ಎಂ2, ಹಳೆಯ ನಿಕಾನ್ ಲೆನ್ಸ್‌ಗಳು: ಕಂಪನಿ ಕೈಬಿಟ್ಟರೆ ಮುಂದೇನು?

ಕಕ್ಕಬ್ಬೆ_ಮಳೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆ ಕ್ಯಾಮೆರಾ, ಲೆನ್ಸ್ ರಿಪೇರಿ ಗೊತ್ತಿರುವವರು ಸ್ವಲ್ಪ ಬಿಡುವು ಮಾಡಿಕೊಂಡು ಓದಿ. ಉದ್ದ ಆಗುತ್ತದೆ.

ನಮ್ಮ ಮನೆ ಕೊಡಗಿನ ಕಕ್ಕಬ್ಬೆ ಹತ್ತಿರ. ನಾನು ಬಳಸುವುದು ಅಪ್ಪನ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ. ಅದರ ಜೊತೆ ಅಪ್ಪನವೇ ಮೂರು ಎಐ-ಎಸ್ (ಕೈಯಲ್ಲೇ ಫೋಕಸ್ ಮಾಡುವ) ಲೆನ್ಸ್: 28 ಎಂಎಂ ಎಫ್/2.8, 50 ಎಂಎಂ ಎಫ್/1.4, 105 ಎಂಎಂ ಎಫ್/2.5. ಆಮೇಲೆ ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು ಎಫ್100 ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ಎರಡು ಆಟೋಫೋಕಸ್ ಲೆನ್ಸ್: 80-200 ಎಂಎಂ ಎಫ್/2.8 ಎಎಫ್-ಡಿ, ಇನ್ನೊಂದು 50 ಎಂಎಂ ಎಫ್/1.8 ಎಎಫ್-ಎಸ್ ಜಿ. ಇವು ಯಾವುದೂ ಷೋಕೇಸಿನಲ್ಲಿ ಕೂತಿಲ್ಲ. ಎಲ್ಲವೂ ದುಡಿಯುತ್ತಿವೆ.

ನಾನು ತೆಗೆಯುವುದು ಊರಿನ ಫೋಟೋ. ಐನ್‌ಮನೆಗಳು (ಕೊಡವ ಮನೆತನಗಳ ಮೂಲ ಮನೆಗಳು), ಹಿರಿಯರ ಮುಖ, ಏಪ್ರಿಲ್ ಹೂ ಮಳೆ ಬಿದ್ದ ಮೇಲೆ ಬೆಳ್ಳಗಾಗುವ ತೋಟ, ಹಬ್ಬ. ಹುತ್ತರಿ (ನಮ್ಮ ಸುಗ್ಗಿ ಹಬ್ಬ) ರಾತ್ರಿ ಕದಿರು ಕೊಯ್ಯಲು ಗದ್ದೆಗೆ ಇಳಿದಾಗ ಬೆಳಕು ಅಂದರೆ ಹುಣ್ಣಿಮೆ ಚಂದ್ರ ಮತ್ತು ಒಂದೆರಡು ದೀಪ, ಅಷ್ಟೆ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ರೋಲ್ ಹಾಕಿ, ಬೆಳಕಿನ ಮೀಟರನ್ನು 1600ಕ್ಕೆ ಇಟ್ಟು, 50 ಎಫ್/1.4 ಪೂರ್ತಿ ತೆರೆದು, 1/30ರಲ್ಲಿ ಮೈ ಅಲುಗದ ಹಾಗೆ ನಿಂತು ತೆಗೆಯುತ್ತೇನೆ. 'ಪೊಲಿ ಪೊಲಿ ದೇವಾ' ಅಂತ ಕೂಗು ಎದ್ದು ಕೋವಿ ಹಾರುವ ಹೊತ್ತಿಗೆ ಎಲ್ಲರ ಮುಖವೂ ಆ ಕದಿರಿನ ಕಡೆಗೇ ಇರುತ್ತದೆ. ಅಷ್ಟರಲ್ಲಿ ಫೋಕಸ್ ಆಗಿರಬೇಕು. ಆ ಕತ್ತಲಲ್ಲಿ ರಿಂಗ್ ಎಷ್ಟು ತಿರುಗಿಸಿದರೆ ಎಷ್ಟು ದೂರ ಅಂತ ನನ್ನ ಬೆರಳಿಗೆ ಗೊತ್ತು. ಸುಮ್ನೆ ಬೇರೆ ಕ್ಯಾಮೆರಾಕ್ಕೆ ಹೋಗಿ ಅನ್ನಬೇಡಿ ಅಂತ ಇಷ್ಟು ಹೇಳಿದೆ.

ಈಗ ನನ್ನ ಚಿಂತೆ. ನಿಕಾನ್ ಎಫ್ ಮೌಂಟ್ (ಲೆನ್ಸನ್ನು ಬಾಡಿಗೆ ಕೂರಿಸುವ ಬಳೆ) ಶುರುವಾದದ್ದು 1959ರಲ್ಲಿ. 2018ರಲ್ಲಿ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಡಿಜಿಟಲ್ ಕ್ಯಾಮೆರಾಗಳಿಗೆ ಝಡ್ ಮೌಂಟ್ ಬಂತು. 2020ರ ಡಿ6 ಆದಮೇಲೆ ಎಫ್ ಮೌಂಟ್‌ಗೆ ಹೊಸ ಬಾಡಿಯೇ ಬಂದಿಲ್ಲ. ಕೊನೆಯ ಫಿಲ್ಮ್ ಬಾಡಿ ಎಫ್6 ಕೂಡ ಅದೇ ವರ್ಷ ನಿಂತಿತು. 2022ರ ಜುಲೈನಲ್ಲಿ ಜಪಾನಿನ ನಿಕ್ಕೇ ಪತ್ರಿಕೆ 'ನಿಕಾನ್ ಇನ್ನು ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಅಭಿವೃದ್ಧಿ ನಿಲ್ಲಿಸುತ್ತದೆ' ಅಂತ ಬರೆಯಿತು. ಕಂಪನಿ ಅದನ್ನು ಊಹೆ ಅಂದಿತು. ಡಿಎಸ್‌ಎಲ್‌ಆರ್ ತಯಾರಿಕೆ, ಮಾರಾಟ, ಸರ್ವಿಸ್ ಮುಂದುವರಿಯುತ್ತದೆ ಅಂತಲೂ ಹೇಳಿತು. ಒಳ್ಳೆಯದೇ. ಆದರೆ ಎಲ್ಲಿಯ ತನಕ? ಆ ಮಾತಿನಲ್ಲಿ ಫಿಲ್ಮ್ ಬಾಡಿಗಳ ಸುದ್ದಿ ಎಲ್ಲಿದೆ?

ಎಫ್100 ಬಗ್ಗೆ ಒಬ್ಬ ರಿಪೇರಿಯವರಿಗೆ ಫೋನ್ ಮಾಡಿ ಕೇಳಿದೆ. 'ಒಳಗಿನ ಬೋರ್ಡ್ ಹೋದರೆ ನಮ್ಮ ಹತ್ತಿರ ಬಿಡಿಭಾಗ ಇಲ್ಲ, ಇನ್ನೊಂದು ಕೆಟ್ಟ ಬಾಡಿ ನೀವೇ ಹುಡುಕಿ ತನ್ನಿ' ಅಂದರು. ಅಂದಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ.

ಕೈಯಲ್ಲಿ ಸ್ವಲ್ಪ ದುಡ್ಡಿದೆ, ಕಾಫಿ ಮಾರಿದ್ದು. ಅದರಲ್ಲಿ ಇನ್ನೊಂದು ಎಫ್‌ಎಂ2 ಬಾಡಿ ತಗೊಂಡು ಇಟ್ಟುಕೊಳ್ಳಲಾ? ಇರುವುದನ್ನೇ ಪೂರ್ತಿ ಸರ್ವಿಸ್ ಮಾಡಿಸಲಾ? ಅಥವಾ ಬೆಲೆ ಇರುವಾಗಲೇ ಆಟೋಫೋಕಸ್ ಸಾಮಾನನ್ನೆಲ್ಲ ಮಾರಿಬಿಡಲಾ? 105ರ ಒಳಗೆ ಅಂಚಿನಲ್ಲಿ ಜೇಡರ ಬಲೆಯ ಎಳೆಯಂಥ ಬಿಳಿ ಗೆರೆ ಬೇರೆ ಕಾಣಿಸುತ್ತಿದೆ.

ಗೋಣಿಕೊಪ್ಪ_ಕ್ಲಿಕ್

ಅಕ್ಕ, ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಎಫ್100 ಮಾರಿ ಒಂದು ಝಡ್ ಬಾಡಿ ತಗೊಳ್ಳಿ, ಎಫ್ ಲೆನ್ಸನ್ನು ಝಡ್‌ಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿ. ನಿಮ್ಮ ಎಲ್ಲಾ ಲೆನ್ಸ್ ಅದರಲ್ಲಿ ಕೆಲಸ ಮಾಡುತ್ತವೆ. ನಾನು ನಾಗರಹೊಳೆ ಕಡೆ ಹಕ್ಕಿ ತೆಗೆಯೋದು ಹಾಗೇ. ಫಿಲ್ಮ್ ರೋಲ್ ಬೆಲೆ, ಡೆವಲಪ್ ಮಾಡಿಸೋಕೆ ಕೊರಿಯರ್, ಇದೆಲ್ಲ ಸೇರಿಸಿದರೆ ಜಾಸ್ತಿ ದಿನ ನಡೆಯೋ ಮಾತಲ್ಲ.

ಹಳೇ_ಶಟರ್ (ಮೈಸೂರು)

ತಂಗಿ, ನಾನು ಕ್ಯಾಮೆರಾ ರಿಪೇರಿಯಲ್ಲೇ ಹೊಟ್ಟೆ ಹೊರೆದವನು. ಈಗ ಅಂಗಡಿ ಇಲ್ಲ, ಪರಿಚಯದವರ ಕೆಲಸ ಮಾತ್ರ ಮನೆಯಲ್ಲೇ ಮಾಡುತ್ತೇನೆ. ಮಳೆಗಾಲ ಮುಗಿದ ಮೇಲೆ ಕೊಡಗಿನಿಂದ ಬರುವ ಪೊಟ್ಟಣವನ್ನು ಬಿಚ್ಚಿದ ಕೂಡಲೇ ಬೂಷ್ಟಿನ ವಾಸನೆಯಲ್ಲೇ ಯಾವ ಊರಿನದು ಅಂತ ತಿಳಿಯುತ್ತದೆ.

ಮೊದಲು ಗೋಣಿಕೊಪ್ಪದ ತಮ್ಮ ಹೇಳಿದ್ದರಲ್ಲಿ ಸ್ವಲ್ಪ ತಿದ್ದಬೇಕು. ಎಫ್‌ಟಿಝಡ್ ಒಳಗೆ ಫೋಕಸ್ ಮೋಟಾರ್ ಇಲ್ಲ. 80-200 ಎಎಫ್-ಡಿ ಲೆನ್ಸಿಗೂ ತನ್ನದೇ ಮೋಟಾರ್ ಇಲ್ಲ, ಅದನ್ನು ತಿರುಗಿಸುವುದು ಬಾಡಿಯೊಳಗಿನ ಮೋಟಾರ್. ಹಾಗಾಗಿ ಝಡ್ ಬಾಡಿಯಲ್ಲಿ ಆ ಲೆನ್ಸಿಗೆ ಕೈಯಲ್ಲೇ ಫೋಕಸ್. ಎಐ-ಎಸ್ ಲೆನ್ಸ್‌ಗಳು ಕೂರುತ್ತವೆ, ಮೀಟರ್ ಕೂಡ ಕೆಲಸ ಮಾಡುತ್ತದೆ. ಆದರೆ ಅಡಾಪ್ಟರ್‌ನಲ್ಲಿ ಅಪರ್ಚರ್ ರಿಂಗಿಗೆ (ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬಳೆ) ತಾಗುವ ನಾಲಿಗೆ ಇಲ್ಲ. ನೀವು ಎಫ್/8ಕ್ಕೆ ತಿರುಗಿಸಿದರೆ ಲೆನ್ಸ್ ಆಗಲೇ ಎಫ್/8ಕ್ಕೆ ಮುಚ್ಚಿಕೊಂಡಿರುತ್ತದೆ. ಎಫ್‌ಎಂ2 ಹಾಗೆ ತೆರೆದ ಲೆನ್ಸಿನಲ್ಲಿ ನೋಡಿ, ಒತ್ತಿದ ಕ್ಷಣಕ್ಕೆ ಮುಚ್ಚಿಕೊಳ್ಳುವ ಏರ್ಪಾಡು ಅಲ್ಲಿ ಸಿಗುವುದಿಲ್ಲ. ಬಳಸಬಾರದು ಅಂತಲ್ಲ. ತಿಳಿದು ತಗೊಳ್ಳಿ ಅಂತ.

ಈಗ ನಿಮ್ಮ ಮಾತಿಗೆ ಬರೋಣ. ಕಂಪನಿ ಇರುತ್ತಾ, ಇರಲ್ವಾ ಅಂತ ಎಲ್ಲ ಸಾಮಾನಿಗೂ ಒಟ್ಟಿಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದನ್ನೇ ಮೇಜಿನ ಮೇಲೆ ಇಟ್ಟು ಕೇಳಿ: ಇದು ಕೆಟ್ಟರೆ ಯಾರ ಕೈಯಲ್ಲಿ ಸರಿಯಾಗುತ್ತದೆ?

ಎಫ್‌ಎಂ2 ತಗೊಳ್ಳಿ. 1982ರಲ್ಲಿ ಬಂದದ್ದು, ಎರಡು ವರ್ಷಕ್ಕೆ ಎಫ್‌ಎಂ2ಎನ್ ಆಗಿ 2001ರ ತನಕ ನಡೆಯಿತು. ಬ್ಯಾಟರಿ ಬೇಕಾಗಿರುವುದು ಮೀಟರಿಗೆ ಮಾತ್ರ. ಎರಡು ಎಲ್‌ಆರ್44, ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಗುಂಡಿ ಸೆಲ್. ಅದೂ ಸತ್ತರೆ ಒಂದು ಸೆಕೆಂಡಿನಿಂದ 1/4000 ತನಕ ಎಲ್ಲ ಸ್ಪೀಡೂ ಓಡುತ್ತದೆ. ಅದರ ತಮ್ಮನಂಥ ಎಫ್‌ಇ2 ನೋಡಿ, ಬ್ಯಾಟರಿ ಹೋದರೆ 1/250 ಮತ್ತು ಬಲ್ಬ್ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವುದು) ಬಿಟ್ಟು ಬೇರೇನೂ ಇಲ್ಲ. ಎಫ್‌ಎಂ2 ಒಳಗೆ ಇರುವುದು ಸ್ಪ್ರಿಂಗು, ಹಲ್ಲಿನ ಚಕ್ರ, ಲಿವರ್. ಎಣ್ಣೆ ಗಟ್ಟಿಯಾದರೆ ತೊಳೆದು ಹಾಕುತ್ತೇವೆ. ಒಂದು ತುಂಡು ಮುರಿದರೆ ಇನ್ನೊಂದು ಕೆಟ್ಟ ಬಾಡಿಯಿಂದ ತೆಗೆದು ಹಾಕುತ್ತೇವೆ. ಕಂಪನಿಯನ್ನು ಕೇಳಿ ನಾವು ಈ ಕೆಲಸ ಮಾಡುತ್ತಿದ್ದ ಕಾಲ ಎಂದೋ ಮುಗಿದಿದೆ.

ಎಫ್100 ಹಾಗಲ್ಲ. ಒಳ್ಳೆಯ ಕ್ಯಾಮೆರಾ, 1999ರದ್ದು, ಫೋಕಸ್ ಈಗಲೂ ಚುರುಕು. ಆದರೆ ಅದರ ಜೀವ ಇರುವುದು ಬೋರ್ಡಿನಲ್ಲಿ. ಆ ಚಿಪ್ಪನ್ನು ಇನ್ನು ಯಾರೂ ಮಾಡುವುದಿಲ್ಲ. ಇದು ಒಂದು ಕಂಪನಿಯ ತಪ್ಪಲ್ಲ, ಆ ಕಾಲದ ಎಲ್ಲ ಎಲೆಕ್ಟ್ರಾನಿಕ್ ಬಾಡಿಗಳ ಹಣೆಬರಹವೂ ಅದೇ. ಓಡುವಷ್ಟು ದಿನ ಓಡಿಸಿ. ರಿಪೇರಿಗೆ ದುಡ್ಡು ಹಾಕಬೇಡಿ.

ಲೆನ್ಸಿಗೂ ಇದೇ ಲೆಕ್ಕ. ನಿಮ್ಮ ಮೂರು ಎಐ-ಎಸ್ ಲೆನ್ಸಿನಲ್ಲಿ ಇರುವುದು ಗಾಜು, ಲೋಹ, ಗ್ರೀಸು. ಇನ್ನೂ ಒಂದು ಅನುಕೂಲ ಇದೆ, ಜನ ಇದನ್ನು ಯೋಚಿಸುವುದೇ ಕಡಿಮೆ. ಎಫ್ ಮೌಂಟಿನಲ್ಲಿ ಲೆನ್ಸಿನ ಬಳೆಯಿಂದ ಫಿಲ್ಮಿನ ತನಕ 46.5 ಎಂಎಂ ದೂರ. ಝಡ್‌ನಲ್ಲಿ ಬರೀ 16 ಎಂಎಂ. ಬೇರೆ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಇಪ್ಪತ್ತರ ಆಸುಪಾಸು. ಮಧ್ಯದಲ್ಲಿ ಅಷ್ಟು ಜಾಗ ಇರುವುದರಿಂದ ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆಯೊಂದನ್ನು ಅಡಾಪ್ಟರ್ ಅಂತ ಹಾಕಿದರೆ ಲೆನ್ಸ್ ಕೂರುತ್ತದೆ, ದೂರದ ಬೆಟ್ಟದ ತನಕ ಫೋಕಸ್ ಆಗುತ್ತದೆ. ಅಪರ್ಚರ್ ರಿಂಗ್ ಲೆನ್ಸಿನಲ್ಲೇ ಇದೆ. ಇಷ್ಟಿದ್ದರೆ ಆ ಲೆನ್ಸ್ ಯಾವ ಕಂಪನಿಯ ಮಿರರ್‌ಲೆಸ್ ಬಾಡಿಯಲ್ಲಿ ಬೇಕಾದರೂ ಬಾಳುತ್ತದೆ.

50 ಎಎಫ್-ಎಸ್ ಜಿ ಲೆನ್ಸಿಗೆ ರಿಂಗೇ ಇಲ್ಲ. ಎಫ್‌ಎಂ2ಗೆ ಹಾಕಿದರೆ ಯಾವಾಗಲೂ ಎಫ್/16ಕ್ಕೇ ಮುಚ್ಚಿಕೊಳ್ಳುತ್ತದೆ. ಮೋಟಾರ್ ಕೂಡ ಲೆನ್ಸಿನೊಳಗೇ. ಅದು ಹೋದಾಗ ಹೊಸ ಮೋಟಾರ್ ಕೊಡಬೇಕಾದದ್ದು ಕಂಪನಿಯೇ. ಎಫ್100 ಮಲಗಿದ ದಿನ ನಿಮ್ಮ ಕೈಯಲ್ಲಿ ಅದಕ್ಕೆ ಬಾಡಿ ಇರುವುದಿಲ್ಲ. ಮಾರುವುದಾದರೆ ಅದನ್ನು ಮಾರಿ. 80-200 ಡಿಯನ್ನು ಇಟ್ಟುಕೊಳ್ಳಿ. ಅದಕ್ಕೆ ರಿಂಗ್ ಇದೆ, ಎಫ್‌ಎಂ2ದಲ್ಲೂ ಕೈಫೋಕಸ್‌ನಲ್ಲಿ ಸರಿಯಾಗಿ ದುಡಿಯುತ್ತದೆ.

ಕೊಡಕ್ರೋಮ್ ನೆನಪಿದೆಯಾ? 1935ರಿಂದ ಬಂದ ಸ್ಲೈಡ್ ಫಿಲ್ಮ್. ಬಣ್ಣ ಅಂದರೆ ಅದೇ ಅನ್ನುತ್ತಿದ್ದೆವು. ಆದರೆ ಅದನ್ನು ತೊಳೆಯುವ ಕ್ರಮವೇ ಬೇರೆ, ಮನೆಯಲ್ಲಿ ಆಗುವಂಥದ್ದಲ್ಲ. ರಾಸಾಯನಿಕ ಬರಬೇಕಾದದ್ದು ಒಂದೇ ಕಡೆಯಿಂದ. 2009ರಲ್ಲಿ ತಯಾರಿಕೆ ನಿಂತಿತು, 2010ರ ಕೊನೆಗೆ ಜಗತ್ತಿನ ಕೊನೆಯ ಲ್ಯಾಬೂ ರೋಲ್ ತಗೊಳ್ಳುವುದನ್ನು ನಿಲ್ಲಿಸಿತು. ಆಮೇಲೆ ಬೀರುವಿನಲ್ಲಿ ಉಳಿದ ರೋಲಿಂದ ಆ ಬಣ್ಣ ತೆಗೆಯುವ ದಾರಿಯೇ ಇರಲಿಲ್ಲ. ಇತ್ತ ನಮ್ಮ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿತು, 'ಇಂದು' ರೋಲ್ ಹೋಯಿತು. ನನಗೆ ತುಂಬಾ ಸಂಕಟವಾಯಿತು, ನಮ್ಮ ದೇಶದ್ದೇ ಫಿಲ್ಮ್ ಅದು. ಆದರೂ ಕಪ್ಪುಬಿಳುಪು ನಿಲ್ಲಲಿಲ್ಲ. ಅದೇ 35 ಎಂಎಂ ಡಬ್ಬಿಯಲ್ಲಿ ಬೇರೆಯವರ ಫಿಲ್ಮ್ ಬರುತ್ತದೆ, ಅದೇ ಡಿ-76 ಡೆವಲಪರ್‌ನಲ್ಲಿ ಬಚ್ಚಲುಮನೆಯಲ್ಲೇ ತೊಳೆಯಬಹುದು. ಒಬ್ಬರ ಕೈಯಲ್ಲೇ ಕೀಲಿ ಇರುವ ಸಾಮಾನು ಬೇರೆ, ಹತ್ತು ಜನರ ಕೈಯಲ್ಲಿ ಇರುವುದು ಬೇರೆ. ನಿಮ್ಮ ಎಫ್‌ಎಂ2, ಎಚ್‌ಪಿ5, ಎಐ-ಎಸ್ ಮೂರೂ ಎರಡನೇ ಜಾತಿಯವು.

105ರ ಒಳಗಿನ ಎಳೆ ಫಂಗಸ್. ನಿಮ್ಮ ಲೆನ್ಸಿಗೆ ಇರುವ ಅಪಾಯ ಟೋಕಿಯೋದಿಂದಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕದ ನಿಮ್ಮೂರ ಗಾಳಿಯಿಂದ. ಅಂಚಿನಲ್ಲಿರುವಾಗಲೇ ತೆಗೆಸಿದರೆ ಗಾಜು ಉಳಿಯುತ್ತದೆ. ಬಿಟ್ಟರೆ ಅದು ಬಿಡುವ ಆಮ್ಲ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.

ಸೋಮವಾರಪೇಟೆ_ಕೆ1000

ಹಳೇ ಶಟರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಪೆಂಟಾಕ್ಸ್ ಬಳಸುವವಳು, ಕೆ1000. ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ ಇದೆ.

ಕೆ ಮೌಂಟ್ 1975ರದ್ದು. ಕಂಪನಿ 2011ರಲ್ಲಿ ರಿಕೋ ಕೈಗೆ ಹೋಯಿತು. ಆದರೂ 2021ರಲ್ಲಿ ಬಂದ ಕೆ-3 ಮಾರ್ಕ್ 3 ಡಿಜಿಟಲ್ ಬಾಡಿಗೆ ನನ್ನ ಹಳೆಯ ರಿಂಗ್ ಲೆನ್ಸ್ ನೇರವಾಗಿ ಕೂರುತ್ತದೆ. 2024ರ ಜೂನ್‌ನಲ್ಲಿ ಪೆಂಟಾಕ್ಸ್ 17 ಅಂತ ಹೊಸ ಫಿಲ್ಮ್ ಕ್ಯಾಮೆರಾವನ್ನೇ ಬಿಟ್ಟರು. ಆ ಸುದ್ದಿ ಬಂದ ದಿನ ನಮಗೆಲ್ಲ ಹಬ್ಬ. ಹಾಫ್ ಫ್ರೇಮ್, 36ರ ರೋಲಿನಲ್ಲಿ 72 ಚಿತ್ರ, ಫಿಲ್ಮ್ ಮುಂದಕ್ಕೆ ಸಾಗಿಸಲು ಹೆಬ್ಬೆರಳಿನ ಲಿವರ್.

ಆದರೆ ಒಂದು ಮಾತು ಗಮನಿಸಿ. ಅದರ ಲೆನ್ಸ್ ಬಾಡಿಗೇ ಸೇರಿದ್ದು. ಕೆ ಮೌಂಟ್ ಲೆನ್ಸ್ ಅದಕ್ಕೆ ಹಾಕುವಂತಿಲ್ಲ. ಕಂಪನಿ ಫಿಲ್ಮಿಗೆ ಮರಳಿ ಬಂತು ಅಂದ ಮಾತ್ರಕ್ಕೆ ನಮ್ಮ ಹಳೆಯ ಲೆನ್ಸಿಗೆ ಹೊಸ ಫಿಲ್ಮ್ ಬಾಡಿ ಸಿಕ್ಕಿತು ಅಂತಲ್ಲ. ಲೈಕಾ 2022ರಲ್ಲಿ ಎಂ6 ಅನ್ನು ಮತ್ತೆ ಮಾಡಿತು, 1954ರ ಎಂ ಲೆನ್ಸಿನಿಂದ ಇವತ್ತಿನದರ ತನಕ ಅದರಲ್ಲಿ ಕೂರುತ್ತದೆ. ಅದರ ಬೆಲೆಗೆ ನಮ್ಮ ತೋಟದ ಒಂದು ಭಾಗಕ್ಕೆ ಬೇಲಿಯೇ ಹಾಕಿಸಬಹುದು.

ಆಟೋಫೋಕಸ್ ಮೋಟಾರ್ ವಿಷಯ ನನಗೂ ಗೊತ್ತಿದೆ. ಬೇರೊಂದು ಕಂಪನಿಯ ಝೂಮ್ ಇತ್ತು, ಹೆಸರು ಬೇಡ. ಮೋಟಾರ್ ಮೊದಲು ಕೀಚಲು ದನಿ ಮಾಡಿತು, ಆಮೇಲೆ ನಿಂತೇ ಹೋಯಿತು. ಬಿಡಿಭಾಗದ ಸ್ಟಾಕ್ ಮುಗಿದಿದೆ ಅಂತ ಲೆನ್ಸ್ ಹಾಗೇ ವಾಪಸ್ ಬಂತು. ಗಾಜು ಹೊಳೆಯುತ್ತಿದೆ, ಒಂದು ಗೆರೆ ಇಲ್ಲ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಗೋಣಿಕೊಪ್ಪ_ಕ್ಲಿಕ್

ಸರ್, ಥ್ಯಾಂಕ್ಸ್. ನನ್ನ ಲೆನ್ಸೆಲ್ಲ ಎಎಫ್-ಎಸ್, ಅದಕ್ಕೇ ನನಗೆ ಈ ತೊಂದರೆ ಕಂಡಿರಲಿಲ್ಲ. ಅಕ್ಕ, ಆ 50 ಜಿ ಮಾರುವುದಾದರೆ ನನಗೆ ಹೇಳಿ. ನನ್ನ ಝಡ್‌ಗೆ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಸಮೇತ ನಡೆಯುತ್ತದೆ.

ಕಕ್ಕಬ್ಬೆ_ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಶಟರ್ ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಕೊಡಕ್ರೋಮ್ ಅಂದ ಕೂಡಲೇ ಒಳಗೆ ಹೋಗಿ ಸ್ಲೈಡಿನ ಪೆಟ್ಟಿಗೆ ತಂದರು. ಕಾಫಿ ಆರಿ ಹೋಗುವ ತನಕ ಅದೇ ಮಾತು.

50 ಜಿ ಗೋಣಿಕೊಪ್ಪಕ್ಕೇ ಹೋಗಲಿ, ತಮ್ಮ, ಮೆಸೇಜ್ ಮಾಡು. ಎಫ್100 ಇರುವಷ್ಟು ದಿನ ಇರಲಿ. ಆ ದುಡ್ಡಿಗೆ ಕಾಫಿ ದುಡ್ಡು ಸೇರಿಸಿ ಇನ್ನೊಂದು ಎಫ್‌ಎಂ2 ಹುಡುಕುತ್ತೇನೆ. ಮನಸ್ಸು ಗಟ್ಟಿಯಾಯಿತು.

ಇನ್ನೆರಡು ವಿಷಯ. ಮಳೆಗಾಲದಲ್ಲಿ ನಮಗೆ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಂಡು ಏನು ಪ್ರಯೋಜನ? ಸದ್ಯ ಲೆನ್ಸ್‌ಗಳು ಅಪ್ಪನ ಚರ್ಮದ ಕೇಸಿನಲ್ಲಿ, ಬೀರುವಿನಲ್ಲಿವೆ. ಇನ್ನೊಂದು, ಸೆಕೆಂಡ್ ಹ್ಯಾಂಡ್ ಎಫ್‌ಎಂ2 ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಹಳೇ_ಶಟರ್ (ಮೈಸೂರು)

ಮೊದಲು ಆ ಚರ್ಮದ ಕೇಸಿನಿಂದ ಲೆನ್ಸ್ ಆಚೆ ತೆಗೆಯಿರಿ, ಇವತ್ತೇ. ಚರ್ಮ ನೀರು ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಫಂಗಸ್ಸಿಗೆ ಅದೇ ಅನ್ನ. ಬೀರುವಿನ ಕತ್ತಲೂ ಅದಕ್ಕೆ ಇಷ್ಟ. ಕೇಸನ್ನು ನೆನಪಿಗೆ ಅಂತ ಬೇರೆ ಕಡೆ ಇಡಿ.

ಡ್ರೈ ಕ್ಯಾಬಿನೆಟ್ ಒಳ್ಳೆಯದೇ. ಕರೆಂಟು ಹೋದರೂ ಬಾಗಿಲು ತೆಗೆಯದಿದ್ದರೆ ಒಳಗಿನ ಗಾಳಿ ಕೂಡಲೇ ಕೆಡುವುದಿಲ್ಲ. ನಿಮ್ಮಲ್ಲಿಯ ಹಾಗೆ ದಿನಗಟ್ಟಲೆ ಹೋಗುವುದಾದರೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬವೇ ನಂಬಿಕೆಯದು. ತಳದಲ್ಲಿ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವದ ಮೀಟರ್. ಮುಳ್ಳು 40ರಿಂದ 50ರ ಒಳಗೆ ಇರಲಿ. 60 ದಾಟಿದರೆ ಜೆಲ್ ತೆಗೆದು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ, ಬಣ್ಣ ತಿರುಗಿ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. 30ಕ್ಕಿಂತ ಕೆಳಗೂ ಬಿಡಬೇಡಿ, ಒಳಗಿನ ಗ್ರೀಸ್ ಒಣಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಳಸುತ್ತಿರಿ. ಬೆಳಕು, ಗಾಳಿ ಕಂಡ ಲೆನ್ಸಿಗೆ ಫಂಗಸ್ ಹಿಡಿಯುವುದು ಕಡಿಮೆ.

ಬಾಡಿ ನೋಡುವಾಗ ಹಿಂಬಾಗಿಲು ತೆಗೆದು ಶಟರ್ ಹಲಗೆಗಳ ಮೇಲೆ ಟಾರ್ಚ್ ಬಿಡಿ. ಹಳೆಯವುಗಳಲ್ಲಿ ಜೇನುಗೂಡಿನ ಗುರುತಿರುವ ಟೈಟಾನಿಯಂ ಹಲಗೆ ಇರುತ್ತದೆ, ಆಮೇಲಿನವುಗಳಲ್ಲಿ ನಯವಾದ ಅಲ್ಯೂಮಿನಿಯಂ. ಎರಡೂ ಚೆನ್ನಾಗಿವೆ. ಮಡಿಕೆ, ತಗ್ಗು, ಎಣ್ಣೆಯ ಕಲೆ ಕಂಡರೆ ಬಿಟ್ಟು ಬನ್ನಿ. ಬೆರಳು ಮಾತ್ರ ತಾಗಿಸಬೇಡಿ. ಮಾರುವವರಿಗೂ ಬಿಡಬೇಡಿ.

ಆಮೇಲೆ ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ, ಹಿಂದಿನಿಂದ ಬೆಳಕಿನ ಕಡೆಗೆ ಹಿಡಿದು ಶಟರ್ ತೆರೆಯುವುದನ್ನು ರೆಕಾರ್ಡ್ ಮಾಡಿ. ಸೆಕೆಂಡಿಗೆ 240 ಫ್ರೇಮ್ ಆದರೆ 1/8ಕ್ಕೆ ಸುಮಾರು 30 ಫ್ರೇಮ್ ತೆರೆದಿರಬೇಕು, 1/30ಕ್ಕೆ 8. ನೀವು ಹುತ್ತರಿಯಲ್ಲಿ ಬಳಸುವುದೇ 1/30 ಅಲ್ವಾ, ಅದನ್ನು ಮೂರು ನಾಲ್ಕು ಸಲ ನೋಡಿ. ಒಂದೊಂದು ಸಲ ಒಂದೊಂದು ಲೆಕ್ಕ ಬಂದರೆ ಒಳಗೆ ಎಣ್ಣೆ ಗಟ್ಟಿಯಾಗಿದೆ, ಬೆಲೆ ಇಳಿಸಿ ಕೇಳಿ. ಅದು ಸರ್ವಿಸ್ ಮಾಡಿದರೆ ಹೋಗುವ ರೋಗ.

ಬಾಗಿಲ ಸಂದಿಯ ಕಪ್ಪು ಫೋಮ್ ಅಂಟು ಬೆಲ್ಲದ ಹಾಗಾಗಿದ್ದರೆ ಗಾಬರಿ ಬೇಡ. ಎಲ್ಲ ಹಳೆ ಕ್ಯಾಮೆರಾದಲ್ಲೂ ಆಗುವುದೇ, ನಿಮ್ಮ ಅಪ್ಪನ ಬಾಡಿಯಲ್ಲೂ ಆಗಿರುತ್ತದೆ. ಕನ್ನಡಿಯ ಮೇಲಿನ ಪಟ್ಟಿಯನ್ನೂ ನೋಡಿ. ಎರಡನ್ನೂ ಬದಲಾಯಿಸಬಹುದು. ಇನ್ನೊಂದು ಎಚ್ಚರ: ಎಫ್‌ಎಂ2 ಜೊತೆ ಅಗ್ಗಕ್ಕೆ ಸಿಕ್ಕಿತು ಅಂತ 1977ಕ್ಕಿಂತ ಹಿಂದಿನ, ಎಐ ಮಾಡಿಸದ (ಅಪರ್ಚರ್ ರಿಂಗನ್ನು ಹೊಸ ಪದ್ಧತಿಗೆ ಬದಲಾಯಿಸದ) ಲೆನ್ಸ್ ಹಾಕಬೇಡಿ. ಬಾಡಿಯ ಮೌಂಟ್ ಸುತ್ತಲಿನ ಸಣ್ಣ ನಾಲಿಗೆ ಮುರಿಯುತ್ತದೆ. ಹಳೆಯ ಎಫ್‌ಎಂನಲ್ಲಿ ಅದನ್ನು ಮಡಚಬಹುದಿತ್ತು, ಎಫ್‌ಎಂ2ದಲ್ಲಿ ಆಗುವುದಿಲ್ಲ.

105 ಅನ್ನು ಮಳೆ ಹಿಡಿಯುವ ಮುಂಚೆ ಕಳಿಸಿ. ಮುಂದೆ ಹಿಂದೆ ಎರಡೂ ಮುಚ್ಚಳ ಹಾಕಿ, ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸುತ್ತ ಬಟ್ಟೆ ತುರುಕಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಬೇರೆ ಲೆನ್ಸ್ ಜೊತೆಗೆ ಹಾಕಬೇಡಿ. ವಿಳಾಸ ಮೆಸೇಜಿನಲ್ಲಿ ಕೊಡುತ್ತೇನೆ.